ಹಲ್ಲು ಕಚ್ಚಿದರೆ ಏರುವ ಏಕಾಗ್ರತೆ

ಪ್ರಶ್ನೆ: ಮಿದುಳಿನ ವಿದ್ಯುತ್ ಸಂಕೇತ ಅಳೆಯುವ, ಹಣೆಗೆ ಕಟ್ಟುವ ಇಇಜಿ ಪಟ್ಟಿ ಹಾಕಿಕೊಂಡು ಓದುತ್ತೇನೆ. ಹುಬ್ಬು ಗಂಟಿಕ್ಕಿದರೆ ಆ್ಯಪ್‌ನಲ್ಲಿ ಗಮನದ ಅಂಕ ಏರುತ್ತದೆ, ನಿಜಕ್ಕೂ ಓದಿನಲ್ಲಿ ಮುಳುಗಿದಾಗ ಇಳಿಯುತ್ತದೆ. ಪಟ್ಟಿ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಅದು ಬಹುಶಃ ನಿಮ್ಮ ಸ್ನಾಯುವನ್ನು ಅಳೆಯುತ್ತಿದೆ. ಚರ್ಮದ ಮೇಲೆ ಸಿಗುವ ಮಿದುಳಿನ ಸಂಕೇತ ಸಾಮಾನ್ಯವಾಗಿ 100 ಮೈಕ್ರೋವೋಲ್ಟ್ ಕೂಡ ದಾಟುವುದಿಲ್ಲ. ಹಣೆ, ದವಡೆ ಬಿಗಿದರೆ ಹುಟ್ಟುವ ಸಂಕೇತ ಅದನ್ನು ಸುಲಭವಾಗಿ ಮುಚ್ಚಿಹಾಕುತ್ತದೆ. ಸ್ನಾಯುವಿನ ಈ ಸಂಕೇತ 20 ಹರ್ಟ್ಸ್‌ನಿಂದ (ಸೆಕೆಂಡಿಗೆ 20 ಏರಿಳಿತ) ಮೇಲೆ ದಟ್ಟವಾಗಿರುವುದರಿಂದ ಬೀಟಾ ಎಂಬ ಮಿದುಳಿನ ಅಲೆಗಳ (13–30 ಹರ್ಟ್ಸ್) ಲೆಕ್ಕಕ್ಕೆ ಸೇರಿಬಿಡುತ್ತದೆ. ಥೀಟಾ ಎಂಬ ನಿಧಾನದ ಅಲೆ (4–8 ಹರ್ಟ್ಸ್) ತಗ್ಗಿ ಬೀಟಾ ಹೆಚ್ಚಿದರೆ ಗಮನ ಎನ್ನುವ ಸೂತ್ರಕ್ಕೆ ಗಂಟಿಕ್ಕಿದ ಹುಬ್ಬೂ ಏಕಾಗ್ರತೆಯೇ! ರೆಪ್ಪೆ ಬಡಿದರೆ ಉಲ್ಟಾ: ಥೀಟಾ ಉಬ್ಬಿ ಅಂಕ ಬೀಳುತ್ತದೆ.

ಅಂಕ ಬಿಟ್ಟು ಕಚ್ಚಾ ಅಲೆಯನ್ನು ತೆರೆದು ನೋಡಿ. ಐದು ಸೆಕೆಂಡು ಹಲ್ಲು ಕಚ್ಚಿ, ಆಮೇಲೆ ಹತ್ತು ಬಾರಿ ರೆಪ್ಪೆ ಬಡಿಯಿರಿ. ಎರಡರ ಗುರುತೂ ಕಣ್ಣಿಗೆ ರಾಚುತ್ತದೆ. ±100 ಮೈಕ್ರೋವೋಲ್ಟ್ ದಾಟಿದ ತುಣುಕುಗಳನ್ನು ಲೆಕ್ಕದಿಂದ ಕೈಬಿಡುವ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಆದರೆ ಸಣ್ಣ ಬಿಗಿತ ಆ ಜರಡಿಯಿಂದಲೂ ನುಸುಳುತ್ತದೆ, ಹಾಗಾಗಿ ದವಡೆ ಸಡಿಲ ಬಿಟ್ಟೇ ಕೂರಬೇಕು. ಕಟ್ಟುವ ಮುನ್ನ ಹಣೆಯ ಎಣ್ಣೆ, ಬೆವರು ಒರೆಸಿ, ಚರ್ಮಕ್ಕೆ ತಾಗುವ ಎಲೆಕ್ಟ್ರೋಡ್ ಒಣ ಬಗೆಯದಾದರೆ ತುಸು ನೀರು ಸವರಿ ಎರಡು ಮೂರು ನಿಮಿಷ ಬಿಡಿ. ಆವರ್ತನದ ನಕ್ಷೆಯಲ್ಲಿ 50 ಅಥವಾ 60 ಹರ್ಟ್ಸ್‌ನಲ್ಲಿ ಒಂದೇ ಗೋಪುರ ಎದ್ದರೆ ಅದು ಕರೆಂಟಿನ ಗದ್ದಲ: ಚಾರ್ಜರ್ ಕಿತ್ತು ನೋಡಿ, ಕಿವಿಯ ಕ್ಲಿಪ್ ಬಿಗಿ ಮಾಡಿ.

ಪ್ರಶ್ನೆ: ಪಟ್ಟಿ ತೋರಿಸುವ ಅಲೆ ನೋಡುತ್ತಾ ಗಮನ ಹೆಚ್ಚಿಸಿಕೊಳ್ಳುವ ಅಭ್ಯಾಸದ ಕ್ರಮ ಹೇಗೆ? ಗಮನದ ತೊಂದರೆ ಇರುವ ಮಗುವಿಗೆ ಔಷಧ ಬಿಟ್ಟು ಇದನ್ನೇ ಮಾಡಿಸಬಹುದೇ?

ಉತ್ತರ: ಮೊದಲು ಎರಡು ನಿಮಿಷದ ಸಹಜ ಅಳತೆ ತೆಗೆದು, ಶಬ್ದ ಅಥವಾ ಚಿತ್ರದ ಬಹುಮಾನ ಸುಮಾರು 60–70% ಹೊತ್ತು ಸಿಗುವಂತೆ ಮಿತಿ ಇಡಿ. ಮಿತಿ ಬಿಗಿಯಾದರೆ ಬಳಸುವವರು ಮುಖ ಬಿಗಿದು ಗೆಲ್ಲಲು ಕಲಿಯುತ್ತಾರೆ. ಮೂರರಿಂದ ಐದು ನಿಮಿಷದ ಸುತ್ತುಗಳು, ನಡುವೆ ಬಿಡುವು, ಒಟ್ಟು ಅರ್ಧ ಗಂಟೆ ಸಾಕು.

ಔಷಧ ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ) ಇರುವ 7–10 ವಯಸ್ಸಿನ 144 ಮಕ್ಕಳಿಗೆ 38 ಬಾರಿ ಥೀಟಾ–ಬೀಟಾ ತರಬೇತಿ ಕೊಟ್ಟು ನೋಡಿದ, 2021ರಲ್ಲಿ ಅಚ್ಚಾದ ಪರೀಕ್ಷೆಯಲ್ಲಿ ಹುಸಿ ತರಬೇತಿ ಪಡೆದವರೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದರು. ಅಂಕ ಏರಿದ್ದನ್ನಲ್ಲ, ಮಗು ಎದ್ದು ಹೋಗದೆ ಎಷ್ಟು ಪುಟ ಓದಿತು ಎಂಬುದನ್ನು ಬರೆದಿಡಿ.

ಪ್ರಶ್ನೆ: ಇದು ತಲೆಗೆ ಕರೆಂಟ್ ಹರಿಸುತ್ತದೆಯೇ?

ಉತ್ತರ: ಇಲ್ಲ, ಇಇಜಿ ಮಿದುಳಿನ ಸಂಕೇತವನ್ನು ಓದುತ್ತದೆ ಅಷ್ಟೇ. ಕರೆಂಟ್ ಹರಿಸುವ ಸಾಧನಗಳೂ ನೋಡಲು ಹೀಗೇ ಇರುತ್ತವೆ. ಕೊಳ್ಳುವಾಗ ವಿವರ ಓದಿ, ವೈದ್ಯರ ಸಲಹೆಯಿಲ್ಲದೆ ಅವನ್ನು ಬಳಸಬೇಡಿ.