ತೋಟದ ಮನೆಯಲ್ಲಿ ಹೋಂಸ್ಟೇ: ತಮ್ಮ ಎರಡು ಪ್ರಶ್ನೆಗಳಿಗೆ

ಮಾನ್ಯರೇ, ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಹಳೆಯ ತೋಟದ ಮನೆಯಲ್ಲಿ ಎರಡು ಕೋಣೆಗಳ ಹೋಂಸ್ಟೇ ತೆರೆಯುವಾಗ ಎ.ಸಿ. ಅಗತ್ಯವೇ, ‘ಜವಾಬ್ದಾರಿಯುತ ಪ್ರವಾಸೋದ್ಯಮ’ ಎಂಬುದು ಬರೀ ಪ್ರಚಾರವೇ ಎಂದು ಕೇಳಿದ್ದೀರಿ.

ಪ್ರಚಾರವೆಂದು ತಳ್ಳಿಹಾಕಬೇಡಿ. ಊರು ಅಲ್ಲಿ ಬಾಳುವವರಿಗೂ ಬರುವವರಿಗೂ ಹಿತವಾಗಿರಬೇಕು ಎಂಬುದು ಜವಾಬ್ದಾರಿಯುತ ಪ್ರವಾಸೋದ್ಯಮದ ಬಗ್ಗೆ 2002ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹೊರಬಂದ ಕೇಪ್‌ಟೌನ್ ಘೋಷಣೆಯ ತಿರುಳು. ಕೇರಳದಲ್ಲಿ ಇದು ಗಟ್ಟಿಯಾಗಿ ಬೇರೂರಿದ್ದು ಕೋಟ್ಟಯಂ ಜಿಲ್ಲೆಯ ಹಿನ್ನೀರಿನ ಊರಾದ ಕುಮರಕಂನಲ್ಲಿ. ಅಲ್ಲಿನ ಹೋಟೆಲುಗಳು ಕುಟುಂಬಶ್ರೀ ಎಂಬ ಸ್ವಸಹಾಯ ಸಂಘಗಳ ಮಹಿಳೆಯರು ಬೆಳೆದ ತರಕಾರಿಯನ್ನು ಕೊಳ್ಳತೊಡಗಿದವು, ಮುಂದೆ 2017ರಲ್ಲಿ ಸರಕಾರ ಇದಕ್ಕಾಗಿಯೇ ಒಂದು ಮಿಷನ್ ರೂಪಿಸಿತು. ಪ್ರವಾಸಿ ಕೊಟ್ಟ ಹಣ ಊರಿನಿಂದ ಹೊರಗೆ ಹರಿದುಹೋಗುವುದನ್ನು ಈ ಕ್ಷೇತ್ರದಲ್ಲಿ ‘ಸೋರಿಕೆ’ ಎನ್ನುತ್ತಾರೆ. ಅತಿಥಿಗೆ ಪ್ಯಾಕೆಟ್ ಚಿಪ್ಸ್ ಕೊಟ್ಟರೆ ಅದರ ಬಹುಪಾಲು ಹಣ ಹೊರಗಿನ ಕಂಪೆನಿಗೆ ಸೇರುತ್ತದೆ; ನೆರೆಮನೆಯವರು ಅಂಗಳದಲ್ಲಿ ಚಾಪೆ ಹಾಸಿ ಒಣಗಿಸಿದ ಹಲಸಿನ ಹಪ್ಪಳವನ್ನು ಕೊಂಡು, ತೆಂಗಿನೆಣ್ಣೆಯಲ್ಲಿ ಕರಿದು, ಊಟದ ಹೊತ್ತಿಗೆ ಬಿಸಿಬಿಸಿಯಾಗಿ ಬಡಿಸಿದರೆ ಆ ಹಣ ಊರಲ್ಲೇ ಉಳಿಯುತ್ತದೆ, ಅತಿಥಿಯೂ ಅದನ್ನು ಮರೆಯುವುದಿಲ್ಲ.

ಎ.ಸಿ. ಈಗಲೇ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಹಂಚಿನ ಮಾಡು, ಮರದ ಮುಚ್ಚಿಗೆಯ ಮನೆಗೆ ಫ್ಯಾನ್, ಸೊಳ್ಳೆಪರದೆ, ಶುಚಿಯಾದ ಶೌಚಾಲಯ ಸಾಕು. ಇದೇ ಜಿಲ್ಲೆಯ ಬೇಕಲದ ರೆಸಾರ್ಟುಗಳೊಡನೆ ಸೌಕರ್ಯದಲ್ಲಿ ಸ್ಪರ್ಧೆಗಿಳಿಯಬೇಡಿ. ಹೋಂಸ್ಟೇ ಹುಡುಕುವವರು ಮನೆಯವರ ಒಡನಾಟವನ್ನೇ ಬಯಸಿ ಬರುತ್ತಾರೆ. ಪ್ರವಾಸೋದ್ಯಮ ಇಲಾಖೆ ಹೋಂಸ್ಟೇಗಳಿಗೆ ದರ್ಜೆ ಕೊಡುವ ವರ್ಗೀಕರಣಕ್ಕೂ ಮನೆಯವರು ಅಲ್ಲೇ ವಾಸವಿರಬೇಕು. ಆದ್ದರಿಂದ ಕೋಣೆಗಳಿಗೆ ಹಣ ಹಾಕುವ ಮುನ್ನ ವರ್ಷವಿಡೀ ಮನೆಯಲ್ಲಿ ಯಾರಿರುತ್ತಾರೆ ಎಂಬುದನ್ನು ನಿಶ್ಚಯಿಸಿಕೊಳ್ಳಿ.