ಫೋನ್ ಕಿತ್ತುಕೊಳ್ಳುವ ಮೊದಲು

ಕಾಸರಗೋಡು ತಾಲೂಕಿನ ತಾಯಿಯೊಬ್ಬರ ಪತ್ರಕ್ಕೆ ಈ ಸಲ ಇಡೀ ಅಂಕಣವನ್ನು ಮೀಸಲಿಟ್ಟಿದ್ದೇವೆ. ಅವರ ಮಗ ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ. ಪತಿ ಗಲ್ಫ್‌ನಲ್ಲಿದ್ದಾರೆ, ಮನೆಯಲ್ಲಿ ಅತ್ತೆ ಇದ್ದಾರೆ. ಮೊಬೈಲಿನ ಆಟವೊಂದರಲ್ಲಿ ಪರಿಚಯವಾದವನನ್ನು ಮಗ ‘ಏಟ್ಟ’ (ಮಲಯಾಳದಲ್ಲಿ ಅಣ್ಣ) ಎಂದು ಕರೆಯುತ್ತಾನೆ. ಆ ಏಟ್ಟ ಅವನಿಗೆ, ಹಣ ಕೊಟ್ಟು ಕೊಳ್ಳುವ ಆಟದ ಡೈಮಂಡ್‌ಗಳನ್ನು ಕೊಡಿಸಿದ್ದಾನೆ. ಒಂದು ರಾತ್ರಿ ಫೋನನ್ನು ಚಾರ್ಜಿಗೆ ಹಾಕುವಾಗ ತಾಯಿಯ ಕಣ್ಣಿಗೆ ಒಂದು ಸಂದೇಶ ಬಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಮಲಯಾಳ. ಕೂಡಿಸಿ ಕೂಡಿಸಿ ಓದಿದಾಗ ಅರ್ಥವಾದದ್ದು ಇಷ್ಟು: “ಅಮ್ಮ ನಿನ್ನ ಫೋನ್ ನೋಡುತ್ತಾರಾ? ಇಲ್ಲಿ ಬೇಡ, ಬೇರೆ ಆಪ್‌ಗೆ ಬಾ. ಒಂದು ಫೋಟೋ ಕಳಿಸು.” ಫೋನ್ ಕಿತ್ತುಕೊಳ್ಳಲೇ, ಪತಿಗೆ ಹೇಳಲೇ ಎಂದು ಅವರು ಕೇಳಿದ್ದಾರೆ. “ಗಂಡು ಹುಡುಗನಲ್ಲವೇ, ಅವನಿಗೇನಾಗುತ್ತದೆ” ಎಂಬುದು ಅತ್ತೆಯ ಮಾತು.

ಪ್ರಿಯ ಸಹೋದರಿ,

ಅವಸರದ ವಿಷಯವಾದ್ದರಿಂದ ಸಂಚಿಕೆಗೆ ಕಾಯದೆ ನಿಮ್ಮೊಡನೆ ಫೋನಿನಲ್ಲಿ ಮಾತನಾಡಿದ್ದೇವೆ. ಇಲ್ಲಿ ಬರೆಯುತ್ತಿರುವುದು ಇಂಥದೇ ಸಂದೇಶವನ್ನು ಇನ್ನೂ ನೋಡದಿರುವ ಮನೆಗಳಿಗಾಗಿಯೂ ಹೌದು. ನಿಮ್ಮ ಹೆಸರು, ಊರು, ಮಗನ ಶಾಲೆ ಯಾವುದನ್ನೂ ಮುದ್ರಿಸುತ್ತಿಲ್ಲ. ಮಗುವಿನ ಗುರುತು ಹೊರಬೀಳುವಂಥ ವಿವರವನ್ನು ಪತ್ರಿಕೆಗಳು ಪ್ರಕಟಿಸಬಾರದೆಂದು, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಕಾಯ್ದೆ ಹೇಳದಿದ್ದರೂ ನಾವು ಮುದ್ರಿಸುತ್ತಿರಲಿಲ್ಲ.

ನಿಮಗೆ ಅನಿಸಿದ್ದು ಬರಿಯ ಸಂಶಯವಲ್ಲ. ಮಕ್ಕಳನ್ನು ಬಲೆಗೆ ಕೆಡಹುವವರು ನಡೆಯುವ ದಾರಿ ಇದೇ. ಮೊದಲು ಉಡುಗೊರೆ ಬರುತ್ತದೆ. ಹಿಂದಿರುಗಿಸಲು ಮಗುವಿನ ಬಳಿ ಏನೂ ಇಲ್ಲ, ಹಾಗಾಗಿ ಮನಸ್ಸಿನಲ್ಲೊಂದು ಋಣ ಉಳಿಯುತ್ತದೆ. ಆಮೇಲೆ ಸಣ್ಣ ಸಣ್ಣ ಪ್ರಶ್ನೆಗಳು. ಅಪ್ಪ ಎಲ್ಲಿ, ಮನೆಯಲ್ಲಿ ಯಾರಿದ್ದಾರೆ, ನೀನು ಮಲಗುವುದು ಯಾವ ಕೋಣೆಯಲ್ಲಿ, ಅಮ್ಮ ಎಷ್ಟು ಗಂಟೆಗೆ ಮಲಗುತ್ತಾರೆ. ಒಂದೊಂದಾಗಿ ನೋಡಿದರೆ ಯಾರೂ ಕೇಳಬಹುದಾದ ಮಾತುಗಳೇ. ಎಲ್ಲವನ್ನೂ ಒಟ್ಟಿಗೆ ಇಟ್ಟರೆ ನಿಮ್ಮ ಮನೆಯ ದಿನಚರಿ ಪೂರ್ತಿ ಅವನ ಕೈಯಲ್ಲಿರುತ್ತದೆ. ಬಳಿಕ ಬರುವುದು ಒಂದು ಚಿಕ್ಕ ಗುಟ್ಟು: “ಡೈಮಂಡ್ ವಿಷಯ ಅಮ್ಮನಿಗೆ ಹೇಳಬೇಡ.” ಅದನ್ನು ಕಾಪಾಡಿದ ಮಗುವಿಗೆ ಮುಂದಿನ ದೊಡ್ಡ ಗುಟ್ಟನ್ನು ಕಾಪಾಡುವುದು ಕಷ್ಟವಾಗುವುದಿಲ್ಲ. ಆಮೇಲೆ ಸಂದೇಶಗಳು ತಾವಾಗಿ ಅಳಿಸಿಹೋಗುವ ಇನ್ನೊಂದು ಆಪ್‌ಗೆ ಕರೆ, ಅದರ ಹಿಂದೆ ಫೋಟೋ. ಫೋಟೋ ಕೈಗೆ ಸಿಕ್ಕಿದ ದಿನ ಏಟ್ಟನ ಮಾತಿನ ಧಾಟಿ ಬದಲಾಗುತ್ತದೆ: “ಇನ್ನೊಂದು ಕಳಿಸು, ಇಲ್ಲದಿದ್ದರೆ ಇದನ್ನು ನಿನ್ನ ಅಮ್ಮನಿಗೆ ಕಳಿಸುತ್ತೇನೆ.”

ಈ ಕೊನೆಯ ಬೆದರಿಕೆಯನ್ನು ಗಮನಿಸಿ. ಅವನ ಕೈಯಲ್ಲಿರುವ ಏಕೈಕ ಆಯುಧ ನಿಮ್ಮ ಬಗ್ಗೆ ನಿಮ್ಮ ಮಗನಿಗಿರುವ ಭಯ. “ಅಮ್ಮನಿಗೆ ಗೊತ್ತಾದರೆ ಫೋನ್ ಹೋಗುತ್ತದೆ” ಎಂದು ಅವನು ಮೊದಲೇ ಹೇಳಿಟ್ಟಿರುತ್ತಾನೆ. ನೀವು ಫೋನ್ ಕಿತ್ತುಕೊಂಡರೆ ಅವನ ಮಾತು ಮಗನ ಕಣ್ಣೆದುರೇ ನಿಜವಾಗುತ್ತದೆ. ಮಗ ಗೆಳೆಯನ ಫೋನಿನಿಂದ ಅವನನ್ನು ಸಂಪರ್ಕಿಸುತ್ತಾನೆ, ನಿಮಗೆ ಇನ್ನೆಂದೂ ಏನೂ ಹೇಳುವುದಿಲ್ಲ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನಮ್ಮ ಉತ್ತರ: ಕಿತ್ತುಕೊಳ್ಳಬೇಡಿ.

ಮಾತನಾಡಿ. ಎದುರಿಗೆ ನಿಲ್ಲಿಸಿ ವಿಚಾರಣೆ ಮಾಡಬೇಡಿ, ಅತ್ತೆಯ ಮುಂದೆಯೂ ಬೇಡ. ಇಬ್ಬರೂ ಅಡಿಕೆ ಸುಲಿಯಲು ಕುಳಿತಾಗ, ಕೈ ಕೆಲಸದಲ್ಲಿದ್ದು ಕಣ್ಣು ಕಣ್ಣು ಸೇರದಿರುವಾಗ ಮಕ್ಕಳ ಬಾಯಿ ಸಲೀಸಾಗಿ ತೆರೆಯುತ್ತದೆ. “ನಿನ್ನ ಫೋನಿನಲ್ಲಿ ಒಂದು ಮೆಸೇಜ್ ಕಂಡಿತು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಫೋನ್ ತೆಗೆದುಕೊಳ್ಳುವುದಿಲ್ಲ. ಆ ಏಟ್ಟ ಯಾರು ಹೇಳು” ಎಂದು ಕೇಳಿ, ಸುಮ್ಮನಾಗಿ. ಅವನು ಮೊದಲ ದಿನ “ಯಾರೂ ಇಲ್ಲ” ಎನ್ನಬಹುದು. ಒತ್ತಾಯಿಸಬೇಡಿ, ಮರುದಿನ ಮತ್ತೆ ಕೇಳಿ. ಫೋಟೋ ಕಳಿಸಿದ್ದೇನೆ ಎಂದು ಅವನು ಹೇಳಿದರೆ ಆ ಕ್ಷಣ ನಿಮ್ಮ ಮುಖದಲ್ಲಿ ಏನು ಕಾಣುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಅಳು ಬಂದರೆ ಆಮೇಲೆ ಅಳಿ. ಅವನಿಗೆ ಹೇಳಬೇಕಾದದ್ದು ಒಂದೇ: ತಪ್ಪು ಕೇಳಿದವನದು, ಕಳಿಸಿದ ನಿನ್ನದಲ್ಲ.

ಅತ್ತೆಯವರಿಗೂ ಒಂದು ಮಾತು. ಗಂಡು ಮಕ್ಕಳು ಈ ಬಲೆಗೆ ಬೀಳುವುದಿಲ್ಲ ಎಂದು ನಂಬಿರುವ ಮನೆಗಳಲ್ಲಿ ಹುಡುಗರು ಬಾಯಿ ಬಿಡುವುದೇ ಇಲ್ಲ. ಎಲ್ಲರೂ ನಕ್ಕಾರು ಎಂಬ ನಾಚಿಕೆ ಭಯಕ್ಕಿಂತಲೂ ದೊಡ್ಡದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷ ತುಂಬದ ಎಲ್ಲರೂ ಮಕ್ಕಳೇ, ಗಂಡು ಹೆಣ್ಣೆಂಬ ಭೇದ ಅದರಲ್ಲಿಲ್ಲ. ಲೈಂಗಿಕ ಉದ್ದೇಶದಿಂದ ಮಗುವನ್ನು ಫೋನ್ ಅಥವಾ ಇಂಟರ್ನೆಟ್ ಮೂಲಕ ಮೇಲಿಂದ ಮೇಲೆ ಸಂಪರ್ಕಿಸುವುದು 11ನೇ ಸೆಕ್ಷನ್ನಿನಡಿ ಅಪರಾಧ, ಅದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸವಿದೆ. ಮಕ್ಕಳನ್ನು ಪುಸಲಾಯಿಸಿ ಆನ್‌ಲೈನ್ ಸಂಬಂಧಕ್ಕೆ ಎಳೆಯುವುದನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಕೂಡ ಶಿಕ್ಷಿಸುತ್ತದೆ.

ದೂರು ಕೊಡುವ ಮೊದಲು ಸಾಕ್ಷ್ಯವನ್ನು ಉಳಿಸಿಕೊಳ್ಳಿ. ಸಿಟ್ಟಿನಲ್ಲಿ ಆಟವನ್ನು ಅಳಿಸಿದರೆ ಆ ಏಟ್ಟನ ಜಾಡೂ ಅಳಿಸಿಹೋಗಬಹುದು. ಸಂದೇಶಗಳ ಸ್ಕ್ರೀನ್‌ಶಾಟ್, ಅವನ ಐಡಿ, ಪ್ರೊಫೈಲ್, ದಿನಾಂಕ, ಹಣ ಬಂದಿದ್ದರೆ ಅದರ ವಿವರ ಎಲ್ಲವನ್ನೂ ಬರೆದಿಡಿ, ಆಮೇಲೆ ಬ್ಲಾಕ್ ಮಾಡಿ. ಮಗನ ಹೆಸರಿನಲ್ಲಿ ನೀವೇ ಅವನೊಡನೆ ಮಾತಿಗಿಳಿಯಬೇಡಿ. ಬೆದರಿಸಿದರೆ ಹಣ ಕೊಡಬೇಡಿ, ಕೊಟ್ಟವರನ್ನು ಅವರು ಬಿಡುವುದಿಲ್ಲ. ಮಗನ ಖಾಸಗಿ ಚಿತ್ರವೇನಾದರೂ ಇದ್ದರೆ ಸಲಹೆ ಕೇಳುವ ನೆಪದಲ್ಲಿ ಕೂಡ ಯಾರಿಗೂ ಕಳಿಸಬಾರದು, ಅದನ್ನು ಹಂಚುವುದೇ ಅಪರಾಧ. ಅಂಥ ಚಿತ್ರ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಡಿಜಿಟಲ್ ಗುರುತು ಮಾತ್ರ ಈ ಸೇವೆಗೆ ಸೇರಿದ ಜಾಲತಾಣಗಳಿಗೆ ತಲುಪುತ್ತದೆ, ಅವು ಆ ಚಿತ್ರವನ್ನು ಹುಡುಕಿ ತೆಗೆಯುತ್ತವೆ.

ಮಕ್ಕಳ ಸಹಾಯವಾಣಿ 1098. ಪೊಲೀಸ್ ಠಾಣೆಗೆ ಹೋಗಲು ಹಿಂಜರಿಕೆಯಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಕೊಡಬಹುದು. “ಸ್ಟೇಷನ್ನಿನಲ್ಲಿ ಎಲ್ಲರೂ ಮಲಯಾಳದಲ್ಲಿ ಮಾತನಾಡುತ್ತಾರೆ, ನನಗೆ ಹೇಳಲು ಬಾರದು” ಎಂದು ನೀವು ಬರೆದ ಸಾಲು ನಮ್ಮನ್ನು ತುಂಬ ಕಾಡಿತು. ಗಡಿನಾಡಿನಲ್ಲಿ ಕನ್ನಡದವರು ಎಷ್ಟೋ ದೂರುಗಳನ್ನು ನುಂಗಿಕೊಳ್ಳುವುದು ಇದೇ ಅಳುಕಿನಿಂದ. ಮಗುವಿನ ಹೇಳಿಕೆ ಪಡೆಯುವಾಗ ಭಾಷಾಂತರಕಾರರ ನೆರವು ಪಡೆಯಲು ಪೋಕ್ಸೊದ 26ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ, ಸಂಕೋಚವಿಲ್ಲದೆ ಕೇಳಿ. ಹೇಳಿಕೆಯನ್ನು ಮನೆಯಲ್ಲಿಯೇ ಪಡೆಯಬಹುದು. ಬರುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ನೀವು ಪಕ್ಕದಲ್ಲಿ ಇರಬಹುದು.

ಫೋನಿನ ಸೆಟ್ಟಿಂಗ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆಟದಲ್ಲಿ ಅಪರಿಚಿತರ ಚಾಟ್ ನಿಲ್ಲಿಸಿ, ಮಗುವಿನ ಫೋನಿನ ಮೇಲೆ ಹೆತ್ತವರು ನಿಗಾ ಇಡಲು ಇರುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆಪ್ ಹಾಕಿ, ರಾತ್ರಿ ಎಲ್ಲರ ಫೋನ್‌ಗಳೂ ನಿಮ್ಮದೂ ಸೇರಿ ನಡುಮನೆಯಲ್ಲಿ ಚಾರ್ಜಾಗಲಿ. ಹದಿಮೂರು ತುಂಬದವರಿಗೆ ಇನ್‌ಸ್ಟಾಗ್ರಾಂ ಖಾತೆಗೆ ಅನುಮತಿಯೇ ಇಲ್ಲ. ಮಗ ಹುಟ್ಟಿದ ವರ್ಷವನ್ನು ಸುಳ್ಳು ಬರೆದಿದ್ದರೆ ಹದಿಹರೆಯದವರಿಗಾಗಿ ಇರುವ ರಕ್ಷಣೆ ಅವನಿಗೆ ಸಿಗುವುದಿಲ್ಲ, ಅದನ್ನು ಕುಳಿತು ಸರಿಪಡಿಸಿ. ಇಂಗ್ಲಿಷ್ ಅಕ್ಷರದ ಮಲಯಾಳವನ್ನು ಅವನಿಂದಲೇ ಓದಿಸಿ ಕಲಿಯಿರಿ. ಅವನು ಗುರುವಾಗುವ ಆ ಅರ್ಧ ಗಂಟೆಯಲ್ಲಿ ಎಷ್ಟೋ ಸಂಗತಿಗಳು ತಾವಾಗಿಯೇ ಹೊರಬರುತ್ತವೆ.

ಪತಿಗೆ ಹೇಳಿ. ಮುಚ್ಚಿಟ್ಟರೆ ಆ ಅಪರಿಚಿತ ಕಟ್ಟಿದ ಗುಟ್ಟಿಗೆ ಇನ್ನೊಂದು ಗುಟ್ಟು ಸೇರುತ್ತದೆ. ಆದರೆ ಅವರಿಗೆ ಮೊದಲು ನೀವೊಬ್ಬರೇ ಕರೆ ಮಾಡಿ, ಅವರ ಸಿಟ್ಟು ನಿಮ್ಮೊಡನೆಯೇ ಇಳಿಯಲಿ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಒಂದಕ್ಷರವೂ ಹೋಗಬಾರದು. ಮಗನೊಡನೆ ಮಾತನಾಡುವಾಗ ಅವರು ಇದನ್ನು ಎತ್ತದೆ ಆಟದ ಬಗ್ಗೆ ಕೇಳಲಿ: ಈಗ ಯಾವ ಹಂತದಲ್ಲಿದ್ದೀಯಾ, ಯಾರ ಜತೆ ಆಡುತ್ತೀಯಾ, ನನಗೂ ಕಲಿಸುತ್ತೀಯಾ ಎಂದು. ರಾತ್ರಿ ಹನ್ನೊಂದು ಗಂಟೆಗೆ ಅವನೊಡನೆ ಆಡಲು ಸಿಗುವ ದೊಡ್ಡವನು ಇಷ್ಟು ದಿನ ಆ ಏಟ್ಟ ಒಬ್ಬನೇ ಆಗಿದ್ದ.