ಹಳೆಯ ಟ್ರಾನ್ಸ್‌ಫಾರ್ಮರ್, ಹೊಸ ಇಂಜಿನ್
ಅಮೆರಿಕದ ಆಟಿಕೆ ರೈಲು ಕಂಪನಿ ಲಯೋನೆಲ್‌ನ 1950ರ ದಶಕದ ಝಡ್‌ಡಬ್ಲ್ಯೂ ಟ್ರಾನ್ಸ್‌ಫಾರ್ಮರಿನಿಂದ ಇಂದಿನ ಎಲೆಕ್ಟ್ರಾನಿಕ್ ಆಟಿಕೆ ರೈಲನ್ನು ಓಡಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಓಡಿಸಬಹುದು, ಆದರೆ ಅದರೊಳಗಿನ ಬ್ರೇಕರ್ ಬಿಸಿಯೇರಿದ ಮೇಲಷ್ಟೇ ವಿದ್ಯುತ್ತನ್ನು ಕಡಿಯುವ ನಿಧಾನದ ಸಾಧನವಾದ್ದರಿಂದ, ಅದು ಟ್ರಾನ್ಸ್‌ಫಾರ್ಮರಿನ ಸುರುಳಿಯನ್ನು ಕಾಪಾಡುತ್ತದೆಯೇ ಹೊರತು ಇಂಜಿನ್ನಿನ ಸರ್ಕ್ಯೂಟ್ ಬೋರ್ಡನ್ನಲ್ಲ. ಹಳಿ ತಪ್ಪಿದ ಚಕ್ರವು ವಿದ್ಯುತ್ತು ಹರಿಯುವ ನಡುವಿನ ಹಳಿಗೆ ತಾಗಿ ಚಿಟಚಿಟನೆ ಕಿಡಿ ಹಾರುವುದನ್ನು ನೀವೂ ನೋಡಿರುತ್ತೀರಿ. ವಿದ್ಯುತ್ತು ಹೀಗೆ ಕಡಿದು ಕೂಡುವಾಗ ಚಿಮ್ಮುವ ಅತಿ ವೋಲ್ಟೇಜನ್ನು ಹಳೆಯ ಮೋಟಾರುಗಳು ಲೆಕ್ಕಿಸದಿದ್ದರೂ ಚಿಪ್‌ಗಳು ತಾಳಲಾರವು. ಆದ್ದರಿಂದ ಪ್ರತಿ ಔಟ್‌ಪುಟ್ಟಿಗೂ ಬೇಗ ಕರಗುವ ಫ್ಯೂಸ್ ಹಾಕಿ, ಸಾಧ್ಯವಾದರೆ ಇಂಜಿನ್ನಿನೊಳಗೇ, ಎರಡೂ ದಿಕ್ಕಿಗೆ ಕೆಲಸ ಮಾಡುವ ಟಿವಿಎಸ್ ಡಯೋಡ್ (ಹಠಾತ್ತನೆ ಚಿಮ್ಮುವ ಅತಿ ವೋಲ್ಟೇಜನ್ನು ತಡೆಯುವ ಬಿಡಿಭಾಗ) ಜೋಡಿಸಿ. 20 ವೋಲ್ಟ್ ಎಸಿಯ ತುದಿ ಸುಮಾರು 28 ವೋಲ್ಟ್ ಮುಟ್ಟುತ್ತದೆ, ಡಯೋಡಿನ ಮಿತಿ ಅದಕ್ಕಿಂತ ತುಸು ಮೇಲಿರಲಿ. ಇದೆಲ್ಲಕ್ಕೂ ಮೊದಲು ಪ್ಲಗ್ಗಿನ ತಂತಿಯನ್ನು ಬಾಗಿಸಿ ನೋಡಿ. ರಬ್ಬರ್ ಬಿರಿದಿದ್ದರೆ ತಂತಿ ಬದಲಿಸುವವರೆಗೂ ದಯವಿಟ್ಟು ಸ್ವಿಚ್ ಹಾಕಲೇಬೇಡಿ.